ಅಂಗನವಾಡಿಯ ಅಳತೆಗೋಲು ಎಲ್ಲಿಯದು?

ಅಂಗನವಾಡಿಗಳಲ್ಲಿ ಮಕ್ಕಳನ್ನು ತಿಂಗಳು ತಿಂಗಳೂ ತೂಗುತ್ತಾರೆ, ಎತ್ತರ ಅಳೆಯುತ್ತಾರೆ. ‘ಮಗು ವಯಸ್ಸಿಗೆ ತಕ್ಕಷ್ಟು ಬೆಳೆದಿಲ್ಲ’ ಎಂದು ಕಾರ್ಯಕರ್ತೆ ಹೇಳಿದರೆ, ‘ನಮ್ಮ ಮನೆತನದಲ್ಲಿ ಎಲ್ಲರೂ ಕುಳ್ಳರೇ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಹಾಗಾದರೆ ಈ ‘ತಕ್ಕಷ್ಟು’ ಎಂಬುದನ್ನು ನಿರ್ಧರಿಸಿದವರು ಯಾರು? ಯಾವ ಮಕ್ಕಳನ್ನು ನೋಡಿ?

ಮಗುವಿನ ಎತ್ತರವನ್ನು ವರ್ಷಗಟ್ಟಲೆ ಅಳೆದು ಬರೆದಿಟ್ಟ ಹಳೆಯ, ಪ್ರಸಿದ್ಧ ದಾಖಲೆ ಫ್ರಾನ್ಸಿನದು. ಮಾಂಟ್‌ಬೇಯಾರ್ ಎಂಬಾತ 1759ರಿಂದ 1777ರವರೆಗೆ ತನ್ನ ಮಗನನ್ನು ಅಳೆಯುತ್ತಾ ಬಂದ. ನಿಸರ್ಗ ವಿಜ್ಞಾನಿ ಬುಫೋನ್ ಅದನ್ನು ಪ್ರಕಟಿಸಿದ. ಆದರೆ ಒಬ್ಬ ಮಗನ ಅಳತೆ ಊರ ಮಕ್ಕಳಿಗೆಲ್ಲ ಮಾನದಂಡವಾಗದು. ಮುಂದೆ ನೂರಾರು ಮಕ್ಕಳನ್ನು ಅಳೆದು ಸರಾಸರಿ ತೆಗೆಯುವ ಪದ್ಧತಿ ಬಂತು.

ನಮ್ಮಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದದ್ದು 1975ರ ಅಕ್ಟೋಬರ್ 2ರಂದು. ಮೊದಲ 33 ಯೋಜನೆಗಳಲ್ಲಿ ಮೈಸೂರು ಜಿಲ್ಲೆಯ ತಿ.ನರಸೀಪುರವೂ ಒಂದು. ಆಗ ಬಳಕೆಯಲ್ಲಿದ್ದುದು ಅಮೆರಿಕದ ಮಕ್ಕಳನ್ನು ಅಳೆದು ರೂಪಿಸಿದ ಹಾರ್ವರ್ಡ್ ಮಾನದಂಡ. ‘ಅಮೆರಿಕದ ಮಗುವಿಗೂ ನಮ್ಮ ಮಗುವಿಗೂ ಹೋಲಿಕೆಯೇ?’ ಎಂಬ ಆಕ್ಷೇಪದಲ್ಲಿ ಅರ್ಥವಿತ್ತು.

ಇದಕ್ಕೆ ಉತ್ತರ ದೊರೆತದ್ದು ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಿಂದ. 1997ರಿಂದ 2003ರವರೆಗೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕಗಳ ಸುಮಾರು ಎಂಟೂವರೆ ಸಾವಿರ ಮಕ್ಕಳನ್ನು ಅಳೆಯಲಾಯಿತು. ಭಾರತದ ಮಕ್ಕಳು ದಕ್ಷಿಣ ದೆಹಲಿಯವರು. ಆಯ್ಕೆಗೆ ನಿಯಮಗಳಿದ್ದವು: ತಾಯಿಯ ಹಾಲು ಕುಡಿದಿರಬೇಕು, ತಾಯಿ ಧೂಮಪಾನ ಮಾಡಬಾರದು, ಬೆಳವಣಿಗೆಗೆ ಬಡತನ ಅಡ್ಡಿಯಾಗಿರಬಾರದು. ಹೀಗೆ ಬೆಳೆದ ಆರೂ ದೇಶಗಳ ಮಕ್ಕಳ ಎತ್ತರ ಬಹುತೇಕ ಒಂದೇ ಆಗಿತ್ತು! ದೇಶ-ದೇಶಗಳ ನಡುವಿನ ವ್ಯತ್ಯಾಸಕ್ಕಿಂತ ಒಂದೇ ದೇಶದ ಮಕ್ಕಳ ನಡುವಿನ ವ್ಯತ್ಯಾಸವೇ ಬಹಳ ಹೆಚ್ಚು. 2006ರಲ್ಲಿ ಪ್ರಕಟವಾದ ಈ ಮಾನದಂಡವನ್ನು ಭಾರತ 2008ರಲ್ಲಿ ಅಂಗನವಾಡಿಗಳಿಗೆ ಅಳವಡಿಸಿಕೊಂಡಿತು. ಹಳೆಯ ಪಟ್ಟಿ ಮಕ್ಕಳು ಹೇಗೆ ಬೆಳೆದರು ಎಂದು ಹೇಳುತ್ತಿತ್ತು. ಹೊಸದು ಹೇಗೆ ಬೆಳೆಯಬಲ್ಲರು ಎಂದು ಹೇಳುತ್ತದೆ.

ಈ ಪ್ರಕಾರ ಮೂರು ವರ್ಷ ತುಂಬಿದ ಗಂಡುಮಗುವಿನ ಮಧ್ಯಮ ಎತ್ತರ 96.1 ಸೆಂ.ಮೀ. 88.7ಕ್ಕಿಂತ ಕಡಿಮೆಯಿದ್ದರೆ ಅದು ಕುಂಠಿತ ಬೆಳವಣಿಗೆ. ದೀರ್ಘಕಾಲದ ಅಪೌಷ್ಟಿಕತೆ, ಪದೇ ಪದೇ ಬರುವ ಕಾಯಿಲೆ ಎತ್ತರವನ್ನು ತಗ್ಗಿಸುತ್ತವೆ. ಎತ್ತರಕ್ಕೆ ತಕ್ಕ ತೂಕವಿಲ್ಲದಿದ್ದರೆ ಅದು ಸಾಮಾನ್ಯವಾಗಿ ಇತ್ತೀಚಿನ ಹಸಿವಿನ ಅಥವಾ ಕಾಯಿಲೆಯ ಗುರುತು.

ಹಾಗೆಂದು ಒಂದೇ ದಿನದ ಅಳತೆ ನೋಡಿ ಗಾಬರಿಯಾಗಬೇಕಿಲ್ಲ. ತಂದೆ-ತಾಯಿಯ ಎತ್ತರದ ಪಾಲೂ ಇರುತ್ತದೆ. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ, ದೊಡ್ಡ ಮಗುವನ್ನು ನಿಲ್ಲಿಸಿ ಅಳೆಯಬೇಕು. ತಪ್ಪಿದರೆ ಲೆಕ್ಕವೂ ತಪ್ಪುತ್ತದೆ. ತಿಂಗಳಿಂದ ತಿಂಗಳಿಗೆ ಗೆರೆ ಏರುತ್ತಿದೆಯೇ ಎಂಬುದೇ ಮುಖ್ಯ.

ಆದರೆ ಇಡೀ ನಾಡಿನ ಲೆಕ್ಕ ಬೇರೆ. ಚೆನ್ನಾಗಿ ಉಂಡು ಬೆಳೆದ ಸಮುದಾಯದಲ್ಲೂ ನೂರಕ್ಕೆ ಎರಡು-ಮೂರು ಮಕ್ಕಳು ಆ ಕೆಳಗೆರೆಯ ಕೆಳಗಿರುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ಅಂಥ ಮಕ್ಕಳು ಶೇ. 35.4. ಎರಡು-ಮೂರಕ್ಕೂ ಮೂವತ್ತೈದಕ್ಕೂ ನಡುವಿನ ಅಂತರವನ್ನು ಮನೆತನದ ಮೇಲೆ ಹೊರಿಸಲಾಗದು. ಅದು ತಾಯಿಯ ಆರೋಗ್ಯದ, ಮಗುವಿನ ತಟ್ಟೆಯ, ಕುಡಿಯುವ ನೀರಿನ ಲೆಕ್ಕ.