ಗಣಕದ ಧ್ವನಿಗೆ ಹೊಸ ಕಾರ್ಯಭಾರಿ

ಕೇರಳದ ಶಾಲೆಗಳಲ್ಲಿ ಲಿನಕ್ಸ್ ನೆಲೆಯೂರಿ ವರ್ಷಗಳೇ ಸಂದಿವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಅದು ಪರಿಚಿತ. ಅದರಲ್ಲಿ ಧ್ವನಿಯನ್ನು ನಿರ್ವಹಿಸುತ್ತಿದ್ದ ಪಲ್ಸ್‌ಆಡಿಯೊದ ಸ್ಥಾನಕ್ಕೆ ಈಗ ಪೈಪ್‌ವೈರ್ ಬರುತ್ತಿದೆ. ಉಬುಂಟು 22.10ರಿಂದ ಹೊಸದೇ ರೂಢಿ, 22.04ರಲ್ಲಿ ಹಳೆಯದು. ಪಾಠದ ಧ್ವನಿ ಸರಿಯಾಗಿ ಕೇಳುತ್ತಿರುವಲ್ಲಿ ಅದನ್ನು ಕೆದಕುವ ಅಗತ್ಯವಿಲ್ಲ.

ಬದಲಿಸಲೇಬೇಕಾದರೆ ಪೈಪ್‌ವೈರ್ ಒಂದೇ ಸಾಲದು. ಸ್ಪೀಕರ್, ಮೈಕುಗಳನ್ನು ಗುರುತಿಸಿ ಜೋಡಿಸಲು ವೈರ್‌ಪ್ಲಂಬರ್ ಬೇಕು. ಹಳೆಯ ತಂತ್ರಾಂಶಗಳ ಕರೆಗೆ ಪಲ್ಸ್‌ಆಡಿಯೊದ ಪರವಾಗಿ ಓಗೊಡಲು ಪೈಪ್‌ವೈರ್-ಪಲ್ಸ್ ಬೇಕು. ಜೊತೆಗೆ ಹಳೆಯ ಸೇವೆಯನ್ನು ನಿಲ್ಲಿಸುವುದು ಕಡ್ಡಾಯ. ಒಂದೇ ಸ್ವತ್ತಿಗೆ ಇಬ್ಬರು ಹಕ್ಕು ಸಾಧಿಸಿದರೆ ವ್ಯಾಜ್ಯವೇ ತಾನೆ? ಇಲ್ಲಿ ಅದರ ಫಲವಾಗಿ ಗಣಕವೇ ಮೂಕವಾಗುವುದುಂಟು. ಹಳೆಯದನ್ನು ಅಳಿಸದೆ ನಿಲ್ಲಿಸಿಯಷ್ಟೇ ಇಟ್ಟಿದ್ದರೆ, ಪರೀಕ್ಷೆಯ ಮುನ್ನಾದಿನ ಧ್ವನಿ ಕೈಕೊಟ್ಟರೂ ಅದಕ್ಕೆ ಮರಳಬಹುದು.