ಮಾಗಿಯ ಮಂದೆಯಲ್ಲೊಂದು ಇರುಳು

ಹಳಗನ್ನಡ ಕಾವ್ಯವನ್ನು ಪಾಠ ಹೇಳುವವರಿಗೆ ಹೇಮಂತ ಋತು ಅಷ್ಟೇನೂ ಕಷ್ಟ ಕೊಡುವುದಿಲ್ಲ. ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳಿರಬೇಕೆಂದು ಲಾಕ್ಷಣಿಕರು ವಿಧಿಸಿದ್ದಾರೆ, ಋತುವರ್ಣನೆ ಅವುಗಳಲ್ಲೊಂದು. ಇಬ್ಬನಿಯನ್ನು ಮುತ್ತಿಗೆ ಹೋಲಿಸಿ, ಅಲಂಕಾರವನ್ನು ಹೆಸರಿಸಿ ಮುಂದಿನ ಪದ್ಯಕ್ಕೆ ಹೋಗುವಷ್ಟರಲ್ಲಿ ಗಂಟೆ ಬಾರಿಸುತ್ತದೆ. ಇಪ್ಪತ್ತು ವರ್ಷ ನಾನೂ ಹಾಗೆಯೇ ನಡೆದುಬಂದವನು.

ಕಳೆದ ಮಾರ್ಗಶಿರದಲ್ಲಿ ನನ್ನ ತರಗತಿಯ ಹುಡುಗನೊಬ್ಬ ಐದು ವಾರ ಕಾಣಿಸಲಿಲ್ಲ. ಚಳ್ಳಕೆರೆ ಸೀಮೆಯ ಕುರುಬರ ಮನೆಯವನು, ಛಂದಸ್ಸಿನಲ್ಲಿ ಜಾಣ. ಹಾಜರಿ ಶೇಕಡ 75ಕ್ಕೆ ಕಡಮೆಯಾದವರ ಪಟ್ಟಿಗೆ ನಾನು ಸಹಿ ಹಾಕಬೇಕಾಗಿತ್ತು. ಅದಕ್ಕೆ ಮುಂಚೆ ಒಮ್ಮೆ ನೋಡಿಬರೋಣವೆಂದು ಶನಿವಾರ ಮಧ್ಯಾಹ್ನ ಬಸ್ಸು ಹತ್ತಿದೆ.

ಮಂದೆ ಊರಿನಲ್ಲಿರಲಿಲ್ಲ. ಮೊದಲಾಗಿದ್ದರೆ ಈ ಕಾಲದಲ್ಲಿ ಅಮೃತಮಹಲ್ ಕಾವಲಿನ ಹುಲ್ಲೇ ಸಾಕಾಗುತ್ತಿತ್ತಂತೆ. 2008ರಿಂದೀಚೆಗೆ ಆ ಕಾವಲಿನ ಸಾವಿರಾರು ಎಕರೆ ವಿಜ್ಞಾನ, ರಕ್ಷಣಾ ಸಂಸ್ಥೆಗಳ ಪಾಲಾಗಿ ಗೋಡೆ ಎದ್ದಿತು. ಕುರಿಗಳು ದೂರ ನಡೆಯತೊಡಗಿದವು. ಕೊಯ್ಲಾದ ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸಿದರೆ ಗೊಬ್ಬರಕ್ಕಾಗಿ ರೈತ ಕಾಳನ್ನೋ ಹಣವನ್ನೋ ಕೊಡುತ್ತಾನೆ. ಅಂಥದೊಂದು ಶೇಂಗಾ ಹೊಲದಲ್ಲಿ ಅವರನ್ನು ಕಂಡಾಗ ಕತ್ತಲಾಗಿತ್ತು.

ಹುಡುಗ ನನ್ನನ್ನು ಕಂಡು ನಾಚಿದ. ಅವನ ತಾತ ಮಾತ್ರ ನಾಚದೆ, "ಬರ್ರಿ ಮೇಷ್ಟ್ರೇ" ಎಂದು ಕಂಬಳಿಯೊಂದನ್ನು ಹೊದಿಸಿದ. ಕರಿಕುರಿಯ ತುಪ್ಪಟದ್ದು, ಹುಣಸೆಬೀಜದ ಸರಿ ಕುಡಿದು ಗಡುಸಾದದ್ದು. ಮೈಗೆ ಚುಚ್ಚುತ್ತದೆ, ನಿಜ. ಆದರೆ ಗಾಳಿಯನ್ನು ಒಳಗೆ ಬಿಡದು.

ಮುಂಗಾರಿನ ಮೊದಲ ಹಸಿರು ಮೇಯ್ದು ಟಗರಿನೊಡನೆ ಕೂಡಿದ ಕುರಿ, ಐದು ತಿಂಗಳು ಹೊತ್ತು ಸರಿಯಾಗಿ ಚಳಿಯ ನಡುವೆ ಈಯುತ್ತದೆ. ಆ ಇರುಳು ಮೂರು ಈದವು. ಎರಡನೆಯದರ ಮರಿ ಹುಟ್ಟುವಾಗಲೇ ಸತ್ತಿತ್ತು. ಮೂರನೆಯದು ಚೊಚ್ಚಲು; ಮರಿಯನ್ನು ನೆಕ್ಕದೆ ದೂರ ಸರಿದು ನಿಂತಿತು. ಒದ್ದೆ ಮರಿಯನ್ನು ಗಾಳಿಗೆ ಬಿಟ್ಟರೆ ಬೆಳಗು ಕಾಣುವುದಿಲ್ಲ. ಹುಡುಗ ತನ್ನ ಹೆಗಲ ವಸ್ತ್ರದಿಂದಲೇ ಅದನ್ನು ಒರೆಸಿದ, ಮೂಗಿನ ಲೋಳೆ ತೆಗೆದ. ತಾತ ಆ ಲೋಳೆಯನ್ನೇ ತಾಯಿಯ ಮೂತಿಗೆ ಸವರಿದ. ತನ್ನದೆಂಬ ವಾಸನೆ ಹತ್ತಬೇಕಲ್ಲ. ಎರಡು ಸಲ ಒದ್ದ ಕುರಿ ಮೂರನೆಯ ಸಲ ಸುಮ್ಮನೆ ನಿಂತಿತು. ಗಿಣ್ಣುಹಾಲು ಗಂಟಲಿಗಿಳಿದು ಮರಿಯ ಬಾಲ ಅಲುಗಿದಾಗ ಬ್ಯಾಟರಿ ಹಿಡಿದಿದ್ದ ನನ್ನ ಕೈಯೂ ನಡುಗುತ್ತಿತ್ತು. ಚಳಿಗೆ ಎಂದುಕೊಂಡೆ.

ಬೆಳಗಾಯಿತು. ಹಸಿದ ಕುರಿಗಳು ಅರಚುತ್ತಿದ್ದರೂ ತಾತ ಬಲೆ ಬಿಚ್ಚಲಿಲ್ಲ. ಏಕೆಂದು ಕೇಳಿದೆ.

"ಇಬ್ನಿ ಆರ್ಲಿ ತಡೀರಿ ಮೇಷ್ಟ್ರೇ. ಒದ್ದೆ ಹುಲ್ಲಾಗೆ ಹುಳ ಮೇಲಕ್ಕೆ ಬಂದಿರ್ತಾವೆ."

ಪಶುವೈದ್ಯರೂ ಹೇಳುವುದು ಇದನ್ನೇ. ಜಂತುಹುಳದ ಮರಿಗಳು ಕಣ್ಣಿಗೆ ಕಾಣದಂತೆ ತೇವವನ್ನು ಹಿಡಿದು ಹುಲ್ಲಿನ ಎಸಳೇರುತ್ತವೆ. ನಾನು ತರಗತಿಯಲ್ಲಿ ಮುತ್ತೆಂದು ಹೇಳುವ ವಸ್ತುವನ್ನು ಈತ ಒಂದೊಂದು ಬೆಳಗ್ಗೆಯೂ ಕಾದು ಕಾದು ಆರಿಸುತ್ತಾನೆ.

ಮಂದೆಯಲ್ಲಿ ಅರ್ಧಕ್ಕರ್ಧ ತುಪ್ಪಟವಿಲ್ಲದ ಕೆಂಗುರಿಗಳು. ಮಾಂಸಕ್ಕೆ ಬೆಲೆಯುಂಟು, ತುಪ್ಪಟ ಮಾರಿದರೆ ಕತ್ತರಿಸಿದ ಕೂಲಿಯೂ ಹುಟ್ಟುವುದಿಲ್ಲ. "ಇವು ಕಂಬ್ಳಿ ಕೊಡಾಕಿಲ್ಲ" ಎಂದು ತಾತ ಅವುಗಳತ್ತ ಗಲ್ಲವೆತ್ತಿ ತೋರಿಸಿದ. ನಾನು ಹೊದ್ದದ್ದು ಆತನ ಮದುವೆಯ ಕಾಲದ್ದಂತೆ.

ಹೊರಡುವಾಗ ಹುಡುಗ ಕೇಳಿದ: "ಸಾರ್, ಹೇಮಂತ ಮುಗೀತಾ?" ಇನ್ನೂ ಇಲ್ಲವೆಂದೆ. ಅದನ್ನು ಒಂದೇ ಗಂಟೆಯಲ್ಲಿ ಮುಗಿಸಿ ಹದಿನೈದು ದಿನವಾಗಿತ್ತು.

ಸೋಮವಾರ ಪಟ್ಟಿಯ ಜೊತೆಗೆ ಒಂದು ಪತ್ರವನ್ನೂ ಬರೆದುಕೊಟ್ಟೆ. "ಕಾಯಿಲೆಯಾಗಿದ್ದರೆ ವೈದ್ಯರ ಚೀಟಿ ತರಲಿ" ಎಂದರು ಮೇಲಿನವರು. ಕುರಿಗಳ ವೈದ್ಯರದಾದರೆ ಆದೀತೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ, ಸಹಿ ಹಾಕಿದೆ. ಸಂಕ್ರಾಂತಿ ಕಳೆದ ಮೇಲೆ ಹುಡುಗ ಬಂದು ಹಿಂದಿನ ಬೆಂಚಿನಲ್ಲಿ ಕುಳಿತ. ಅವನಿಗೆ ಪರೀಕ್ಷೆ ಮುಂದಿನ ವರ್ಷ. ಉಳಿದವರು ಗೊಣಗಿದರೂ ನಾನು ಹೇಮಂತವನ್ನು ಮತ್ತೊಮ್ಮೆ ತೆಗೆದೆ.