ಅರ್ಧ ಗಂಟೆ ನಿಂತರೆ ಸರಿಹೋಗುವ ಕಾರು

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಕಾರ್ಬುರೇಟರ್ ಕಾಲದ ಮಾರುತಿ 800. ಇವುಗಳಲ್ಲಿ ಒಂದನ್ನು ಮಾರಲು ಮನಸ್ಸಾಗದೆ ಉಳಿಸಿಕೊಂಡವರಿಗೆ ಈ ಅಧ್ಯಾಯ. ಪೆಟ್ರೋಲ್ ಇಂಜಿನ್ ಓಡಬೇಕಾದರೆ ಹದವಾದ ಮಿಶ್ರಣ, ಅದನ್ನು ಅದುಮುವ ಕಂಪ್ರೆಶನ್, ಹೊತ್ತಿಗೆ ಸರಿಯಾಗಿ ಹಾರುವ ಕಿಡಿ ಬೇಕು. ತೂಕದ ಲೆಕ್ಕದಲ್ಲಿ 1 ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಇದ್ದರೆ ಎರಡೂ ಮಿಗದೆ ಉರಿಯುತ್ತವೆ. ಗಾಳಿ ಜಾಸ್ತಿಯಾದರೆ ಮಿಶ್ರಣ ಲೀನ್, ಪೆಟ್ರೋಲ್ ಜಾಸ್ತಿಯಾದರೆ ರಿಚ್. ಪ್ಲಗ್ ಬಿಚ್ಚಿ ನೋಡಿ: ತುದಿ ಬೆಳ್ಳಗಿದ್ದರೆ ಲೀನ್, ಮಸಿ ಹಿಡಿದಿದ್ದರೆ ರಿಚ್, ತಿಳಿಗಂದು ಇದ್ದರೆ ಸರಿ. ವ್ಯಾಖ್ಯೆಗಳು ಇಷ್ಟು ಸಾಕು.

ಇನ್ನು ಕಾಯಿಲೆಯ ವಿಚಾರ. ‘ಗಾಡಿ ಮಿಸ್ಸಿಂಗ್ ಹೊಡೀತಿದೆ’ ಎಂದ ಕೂಡಲೇ ನಮ್ಮಲ್ಲಿ ಸ್ಪ್ಯಾನರ್ ಹೋಗುವುದು ಕಾರ್ಬುರೇಟರ್ ಕಡೆಗೆ. ಜೆಟ್ ಊದುತ್ತಾರೆ, ಸ್ಕ್ರೂ ತಿರುಗಿಸುತ್ತಾರೆ. ನಾನು ಮೊದಲು ಕೇಳುವುದು, ಗಾಡಿ ಹೇಗೆ ನಿಂತಿತು ಎಂದು. ಸ್ವಿಚ್ ಆಫ್ ಮಾಡಿದ ಹಾಗೆ ಒಮ್ಮೆಲೇ ನಿಂತಿದ್ದರೆ ಹೆಚ್ಚಾಗಿ ಕರೆಂಟಿನ ದೋಷ. ಪಿಕಪ್ ಕುಸಿದು, ಒಂದಷ್ಟು ದೂರ ಕೆಮ್ಮುತ್ತ, ಜರ್ಕ್ ಹೊಡೆಯುತ್ತ ನಿಂತಿದ್ದರೆ ಪೆಟ್ರೋಲಿನ ದಾರಿಯನ್ನು ಹುಡುಕಬೇಕು. ಕಾರ್ಬುರೇಟರಿನ ಬೌಲಿನಲ್ಲಿ ಸ್ವಲ್ಪ ಪೆಟ್ರೋಲ್ ಯಾವಾಗಲೂ ನಿಂತಿರುತ್ತದೆ. ಹಿಂದೆ ಪೂರೈಕೆ ಕಡಿದರೂ ಇಂಜಿನ್ ಆ ದಾಸ್ತಾನು ತೀರುವವರೆಗೆ ಓಡುತ್ತದೆ, ಆ ಕೆಮ್ಮು ಅದರದ್ದೇ.

ಪೆಟ್ರೋಲಿನ ದಾರಿ ಎಂದ ಕೂಡಲೇ ತುಂಬಾ ಜನ ಒಂದು ತಪ್ಪು ಕಲ್ಪನೆಯಲ್ಲಿ ಎಡವುತ್ತಾರೆ. ಪಂಪು ಪೆಟ್ರೋಲನ್ನು ಎಳೆದುಕೊಳ್ಳುತ್ತದೆ ಎಂದು ಎಲ್ಲರ ನಂಬಿಕೆ. ಪಂಪು ಎಳೆಯುವುದಿಲ್ಲ. ಕ್ಯಾಮ್‌ಶಾಫ್ಟ್ ಪಂಪಿನ ಸನ್ನೆಯನ್ನು ಒತ್ತಿದಾಗ ಒಳಗಿನ ಡಯಾಫ್ರಾಮ್ ಸರಿದು ಒತ್ತಡ ತುಸು ಇಳಿಯುತ್ತದೆ, ಅಷ್ಟೇ. ಡಿಕ್ಕಿಯ ಹತ್ತಿರವಿರುವ ಟ್ಯಾಂಕಿನಿಂದ ಬಾನೆಟ್ ಕೆಳಗಿನ ಪಂಪಿನವರೆಗೆ ಪೆಟ್ರೋಲನ್ನು ತಳ್ಳಿ ತರುವುದು ಟ್ಯಾಂಕಿನೊಳಗಿನ ಗಾಳಿಯ ಒತ್ತಡ. 17ನೇ ಶತಮಾನದ ಇಟಲಿಯಲ್ಲೂ ಇದೇ ಗೊಂದಲವಿತ್ತು. ಎಂಥ ಸಕ್ಷನ್ ಪಂಪಿಗೂ ಸುಮಾರು 10 ಮೀಟರಿಗಿಂತ ಮೇಲಕ್ಕೆ ನೀರು ಏರುತ್ತಿರಲಿಲ್ಲ. ಗೆಲಿಲಿಯೋ 1638ರ ತನ್ನ ಪುಸ್ತಕದಲ್ಲಿ ಈ ಸಂಗತಿಯನ್ನು ಎತ್ತಿದ. ಟಾರಿಚೆಲ್ಲಿ 1640ರ ದಶಕದಲ್ಲಿ ಪಾದರಸದ ಕೊಳವೆ ಇಟ್ಟು, ದ್ರವವನ್ನು ಮೇಲೇರಿಸುವುದು ಹೊರಗಿನ ಗಾಳಿಯ ಭಾರ ಎಂದು ತೋರಿಸಿಕೊಟ್ಟ. ನಮ್ಮ ರೈತರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ತೆರೆದ ಬಾವಿಯ ದಂಡೆಯಲ್ಲಿ ಪಂಪ್‌ಸೆಟ್ ಇಟ್ಟವರಿಗೆ ಸಕ್ಷನ್ ಪೈಪಿನ ಜಾಯಿಂಟ್ ಕೂದಲೆಳೆಯಷ್ಟು ಸಡಿಲವಾದರೂ ನೀರು ಬಾರದೆಂದು ಗೊತ್ತು. ‘ಏರ್ ಎಳೀತಿದೆ’ ಎಂದು ಅವರು ನಿಂತಲ್ಲೇ ಹೇಳುತ್ತಾರೆ.

ಕಾರಿನಲ್ಲೂ ಅದೇ ಕಥೆ. ಪಂಪಿನ ಹಿಂಭಾಗದ ರಬ್ಬರ್ ಹೋಸ್ ಸಣ್ಣಗೆ ಬಿರುಕು ಬಿಟ್ಟಿದೆ ಅನ್ನಿ. ಕೆಳಗೆ ಒಂದು ಹನಿಯೂ ಸೋರಿರುವುದಿಲ್ಲ. ‘ಸೋರುತ್ತಿಲ್ಲ, ಆದ್ದರಿಂದ ಪೈಪ್ ಸರಿಯಿದೆ’ ಎಂದು ಮಾಲೀಕರು ವಾದಿಸುತ್ತಾರೆ. ಪಂಪಿನಿಂದ ಕಾರ್ಬುರೇಟರ್‌ಗೆ ಹೋಗುವ ಪೈಪಿಗೆ ಈ ಮಾತು ಸರಿ, ಏಕೆಂದರೆ ಅಲ್ಲಿ ಒಳಗಿನ ಒತ್ತಡವೇ ಹೆಚ್ಚು. ಹಿಂಭಾಗದ ಪೈಪಿನಲ್ಲಿ ಒತ್ತಡ ಹೊರಗಿಗಿಂತ ಕಡಿಮೆ, ಹಾಗಾಗಿ ಪೆಟ್ರೋಲ್ ಹೊರಬರುವ ಬದಲು ಗಾಳಿ ಒಳಹೋಗುತ್ತದೆ. ಒಣಗಿರುವ ಬಿರುಕೇ ಇಲ್ಲಿ ಹೆಚ್ಚು ಅಪಾಯಕಾರಿ.

ಈಗ ಈ ಅಧ್ಯಾಯದ ಮುಖ್ಯ ವಿಷಯ. 15–20 ಕಿಲೋಮೀಟರ್ ಚೆನ್ನಾಗಿ ಓಡಿ ನಿಲ್ಲುವ, ಅರ್ಧ ಗಂಟೆ ಬಿಟ್ಟರೆ ಮತ್ತೆ ಹೊರಡುವ ಕಾರು. ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಹಿಂದೆ ಇದು ಮಾಮೂಲಿ ನೋಟ. ಬಾನೆಟ್ ಎತ್ತಿ, ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ, ಚಾಲಕರು ಕಲ್ಲಿನ ಮೇಲೆ ಕೂತಿರುತ್ತಿದ್ದರು. ಬಟ್ಟೆಯ ಹಿಂದೆ ವಿಜ್ಞಾನವಿದೆ. ಪೆಟ್ರೋಲಿನ ಹಗುರ ಅಂಶಗಳು 35–40 ಡಿಗ್ರಿ ಸೆಲ್ಸಿಯಸ್ ಸುಮಾರಿಗೇ ಕುದಿಯತೊಡಗುತ್ತವೆ. ಸಕ್ಷನ್ ಪೈಪಿನಲ್ಲಿ ಒತ್ತಡ ಕಡಿಮೆ ಇರುವುದರಿಂದ ಇನ್ನೂ ಬೇಗ ಕುದಿಯುತ್ತವೆ. ಆವಿಯನ್ನು ಒತ್ತಿದರೆ ಅದು ಕುಗ್ಗುತ್ತದೆಯೇ ಹೊರತು ಮುಂದೆ ಹೋಗುವುದಿಲ್ಲ. ಡಯಾಫ್ರಾಮ್ ಆಡುತ್ತಲೇ ಇರುತ್ತದೆ, ಬೌಲು ಖಾಲಿ. ಇದೇ ವೇಪರ್ ಲಾಕ್. ಬಟ್ಟೆಯ ನೀರು ಆರುತ್ತ ಪಂಪಿನ ಕಾವನ್ನು ಹೀರುತ್ತದೆ.

ಆದರೆ ಅರ್ಧ ಗಂಟೆಯಲ್ಲಿ ತಾನಾಗಿ ವಾಸಿಯಾಗುವ ಕಾಯಿಲೆ ಅದೊಂದೇ ಅಲ್ಲ. ಟ್ಯಾಂಕಿನ ಮುಚ್ಚಳದ ಗಾಳಿಗಂಡಿ ಧೂಳು ಕಟ್ಟಿದ್ದರೂ ಹೀಗೇ ಆಗುತ್ತದೆ. ಪೆಟ್ರೋಲ್ ಖರ್ಚಾದಷ್ಟು ಗಾಳಿ ಒಳಬರದೆ ಟ್ಯಾಂಕಿನಲ್ಲಿ ಒತ್ತಡ ಇಳಿಯುತ್ತ ಹೋಗಿ, ತಳ್ಳಲು ಬಲವೇ ಇಲ್ಲವಾಗುತ್ತದೆ. ನಿಂತಾಗ ಸಂದಿಗೊಂದಿಯಿಂದ ಗಾಳಿ ನುಸುಳಿ ಮತ್ತೆ ಸರಿಹೋಗುತ್ತದೆ. ಹಳೆಯ ಮುಚ್ಚಳ ಕಳೆದು, ಕೈಗೆ ಸಿಕ್ಕ ಯಾವುದೋ ಬಿಗಿ ಮುಚ್ಚಳ ಹಾಕಿಕೊಂಡವರ ಕಾರುಗಳಿಗೆ ಈ ರೋಗ ಹೆಚ್ಚು. ಮೂರನೆಯದು ಇಗ್ನಿಷನ್ ಕಾಯಿಲ್. ಒಳಗಿನ ಸುತ್ತುಗಳ ನಿರೋಧಕ ಹಳತಾಗಿದ್ದರೆ ಬಿಸಿಯಾದಾಗ ಕಿಡಿ ಸಾಯುತ್ತದೆ, ತಣ್ಣಗಾದಾಗ ಮರಳುತ್ತದೆ. ಮೂರಕ್ಕೂ ಮದ್ದು ವಿಶ್ರಾಂತಿ. ಕೀರ್ತಿ ಮಾತ್ರ ಪ್ರತಿ ಸಲ ಒದ್ದೆ ಬಟ್ಟೆಗೆ!

ಆದ್ದರಿಂದ ಪತ್ತೆ ಮಾಡಬೇಕಾದ್ದು ಗಾಡಿ ನಿಂತಿರುವಾಗ. ಅದು ತಣಿದ ಮೇಲೆ ಗ್ಯಾರೇಜಿಗೆ ಓಡಿಸಿಕೊಂಡು ಹೋಗಿ ತೋರಿಸಿದರೆ ಯಾವ ಮೇಸ್ತ್ರಿಗೂ ಏನೂ ಕಾಣುವುದಿಲ್ಲ. ಮೊದಲು ಟ್ಯಾಂಕಿನ ಮುಚ್ಚಳ ತೆರೆಯಿರಿ. ಬುಸ್ಸೆಂದು ಗಾಳಿ ಒಳಗೆಳೆದುಕೊಂಡು, ಆಮೇಲೆ ಗಾಡಿ ಸ್ಟಾರ್ಟ್ ಆದರೆ ಕಳ್ಳ ಸಿಕ್ಕ. ಇಲ್ಲವಾದರೆ, ಪೆಟ್ರೋಲ್ ಪೈಪ್ ಯಾವುದನ್ನೂ ಬಿಚ್ಚುವ ಮುನ್ನ ಕಿಡಿ ನೋಡಿ: ಕಾಯಿಲಿನಿಂದ ಬರುವ ದಪ್ಪ ವೈರನ್ನು ಡಿಸ್ಟ್ರಿಬ್ಯೂಟರಿನಿಂದ ಕಿತ್ತು, ರಬ್ಬರ್ ಹಿಡಿಯ ಒಣ ಇಕ್ಕಳದಲ್ಲಿ ಹಿಡಿದು, ಇಂಜಿನ್ನಿನ ಕಬ್ಬಿಣದಿಂದ 5–6 ಮಿಲಿಮೀಟರ್ ದೂರವಿಟ್ಟು ಸೆಲ್ಫ್ ಹೊಡೆಸಿ. ಚಟಚಟ ನೀಲಿ ಕಿಡಿ ಬಂದರೆ ಕಾಯಿಲು ನಿರಪರಾಧಿ. ನಂತರ ಸ್ವಿಚ್ ಆಫ್ ಮಾಡಿ, ಏರ್ ಫಿಲ್ಟರ್ ಮುಚ್ಚಳ ತೆಗೆದು ಕಾರ್ಬುರೇಟರಿನ ಗಂಟಲಿಗೆ ಇಣುಕಿ, ಕೈಯಿಂದ ಆಕ್ಸಿಲರೇಟರ್ ಲಿವರ್ ಒಮ್ಮೆ ಒತ್ತಿ. ಆಕ್ಸಿಲರೇಟರ್ ಪಂಪ್ ಇರುವ ಕಾರ್ಬುರೇಟರ್ ಆದರೆ ಪೆಟ್ರೋಲಿನ ಒಂದು ಸಣ್ಣ ಎಳೆ ಚಿಮ್ಮಬೇಕು. ಚಿಮ್ಮಿದರೆ ಬೌಲಿನಲ್ಲಿ ಪೆಟ್ರೋಲಿದೆ ಎಂದರ್ಥ. ನನಗೆ ಇಷ್ಟವಾದ ಪರೀಕ್ಷೆ ಇದು, ಒಂದು ಸ್ಪ್ಯಾನರ್ ಕೂಡ ಬೇಡ.

ಚಿಮ್ಮದಿದ್ದರೆ, ಇಂಜಿನ್ ತಣಿದ ಮೇಲೆ ಕಾಯಿಲ್ ವೈರ್ ಬಿಚ್ಚಿಟ್ಟು, ಬೀಡಿ ಸಿಗರೇಟಿನವರನ್ನು ದೂರ ಕಳಿಸಿ, ಪಂಪಿನಿಂದ ಕಾರ್ಬುರೇಟರ್‌ಗೆ ಬರುವ ಪೈಪನ್ನು ಬಾಟಲಿಗೆ ಇಳಿಬಿಟ್ಟು ಸೆಲ್ಫ್ ಹೊಡೆಸಿ. ಪೆಟ್ರೋಲ್ ಚಿಮ್ಮಿ ಚಿಮ್ಮಿ ಬೀಳಬೇಕು. ಬೀಳದಿದ್ದರೂ ಪಂಪು ಬದಲಾಯಿಸಲು ಹೊರಡಬೇಡಿ. ಪಂಪಿನ ಒಳದಾರಿಗೆ ಹೊಸ ಹೋಸ್ ಸಿಕ್ಕಿಸಿ, ಅದರ ತುದಿಯನ್ನು ಪೆಟ್ರೋಲಿರುವ ಡಬ್ಬದಲ್ಲಿ ಮುಳುಗಿಸಿ ಮತ್ತೆ ನೋಡಿ. ಈಗ ಬಂದರೆ ಪಂಪು ಗಟ್ಟಿಯಾಗಿದೆ, ಕೆಟ್ಟದ್ದು ಹಿಂದಿನ ಪೈಪೋ ಟ್ಯಾಂಕಿನ ಜಾಲರಿಯೋ. ಎಷ್ಟೋ ಒಳ್ಳೆಯ ಪಂಪುಗಳು ಈ ಒಂದು ನಿಮಿಷದ ಪರೀಕ್ಷೆ ಆಗದೆ ಗುಜರಿಗೆ ಹೋಗಿವೆ. ಆಗಲೂ ಬಾರದಿದ್ದರೆ ಡಿಪ್‌ಸ್ಟಿಕ್ ಎತ್ತಿ ಮೂಸಿ. ಆಯಿಲ್ ಪೆಟ್ರೋಲ್ ನಾತ ಹೊಡೆದರೆ ಡಯಾಫ್ರಾಮ್ ಹರಿದು ಪೆಟ್ರೋಲ್ ಇಂಜಿನ್ ಆಯಿಲಿಗೆ ಸೇರುತ್ತಿದೆ. ಆಯಿಲ್ ಬದಲಿಸದೆ ಓಡಿಸಿದರೆ ಬೇರಿಂಗ್ ಹೋಗುತ್ತದೆ.

ಗಾಡಿ ನಿಲ್ಲುವುದಿಲ್ಲ, ಸ್ಲೋ ಸ್ಪೀಡಿನಲ್ಲಿ ಮಾತ್ರ ನಡುಗುತ್ತದೆ, ಆಕ್ಸಿಲರೇಟರ್ ಕೊಟ್ಟರೆ ಸರಿಹೋಗುತ್ತದೆ ಎನ್ನುವವರು ಕಾರ್ಬುರೇಟರಿನ ಬುಡದ ಪ್ಯಾಕಿಂಗ್ ನೋಡಬೇಕು. ಅಲ್ಲಿಯೂ ಒಳಗಿನ ಒತ್ತಡ ಕಡಿಮೆ, ಅಲ್ಲಿಯೂ ಕಳ್ಳಗಾಳಿ. ಐಡ್ಲಿಂಗಿನಲ್ಲಿ ಇಂಜಿನ್ನಿಗೆ ಬೇಕಾಗುವುದೇ ಸ್ವಲ್ಪ ಗಾಳಿಯಾದ್ದರಿಂದ ಸಣ್ಣ ಸಂದಿಯೂ ಹದ ಕೆಡಿಸುತ್ತದೆ. ಚೋಕ್ ತುಸು ಎಳೆದಾಗ ನಡುಕ ಕಡಿಮೆಯಾದರೆ ಲೀನ್ ಎಂಬುದು ಖಚಿತ. ಜಾಯಿಂಟಿನ ಸುತ್ತ ಸೋಪು ನೀರು ತೊಟ್ಟಿಕ್ಕಿಸಿದಾಗ ಇಂಜಿನ್ನಿನ ಸದ್ದು ಬದಲಾದ ಜಾಗವೇ ಸಂದಿ. ಮಿಕ್ಸ್ಚರ್ ಸ್ಕ್ರೂ ತಿರುಗಿಸಿ ಇದನ್ನು ಮುಚ್ಚಿಹಾಕುವುದು ಶುದ್ಧ ಸೋಮಾರಿತನ.

ಹೊಸದೊಂದು ತಲೆನೋವೂ ಸೇರಿದೆ. ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲನ್ನು 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು. ಎಥನಾಲ್ ಉರಿಯಲು 1ಕ್ಕೆ ಸುಮಾರು 9 ಪಾಲು ಗಾಳಿ ಸಾಕು, ಹಾಗಾಗಿ ಹಳೆಯ ಜೆಟ್ಟಿನ ಅಳತೆಗೆ ಈ ಮಿಶ್ರಣ ಲೀನ್ ಆಗುತ್ತದೆ. (ಮಂಗಳೂರಿನಲ್ಲಿ ಟ್ಯೂನ್ ಮಾಡಿದ ಕಾರು, ಗಾಳಿ ತೆಳುವಾಗಿರುವ ಬೆಂಗಳೂರಿಗೆ ಏರಿದಾಗ ತುಸು ರಿಚ್ ಆಗುತ್ತದೆ, ಬೆಂಗಳೂರಿನವರಿಗೆ ಅಷ್ಟರಮಟ್ಟಿಗೆ ರಿಯಾಯಿತಿ!) ಎಥನಾಲ್ ನೀರನ್ನು ಹೀರುತ್ತದೆ, ಟ್ಯಾಂಕಿನ ಹಳೆಯ ಗಸಿಯನ್ನು ಸಡಿಲಿಸಿ ಫಿಲ್ಟರಿಗೆ ತರುತ್ತದೆ, ಹಳೆಯ ಕಾಲದ ರಬ್ಬರನ್ನು ಕೆಡಿಸುತ್ತದೆ. ಅಂದರೆ ಮೇಲೆ ಹೇಳಿದ ಒಣ ಬಿರುಕುಗಳು ಇನ್ನು ಮುಂದೆ ಹೆಚ್ಚಾಗಲಿವೆ. ಎಥನಾಲ್ ತಡೆಯುವ ಹೋಸ್ ಕೇಳಿ ಹಾಕಿಸಿಕೊಳ್ಳಿ. ತಿಂಗಳುಗಟ್ಟಲೆ ನಿಲ್ಲಿಸುವ ಕಾರಿನಲ್ಲಿ ಪೆಟ್ರೋಲ್ ಹಳಸಲು ಬಿಡಬೇಡಿ.

ಈಗಿನ ಇಂಜೆಕ್ಷನ್ ಕಾರುಗಳಲ್ಲಿ ಪಂಪು ಟ್ಯಾಂಕಿನೊಳಗೇ ಕೂತು ಪೆಟ್ರೋಲನ್ನು ಸುಮಾರು 3 ಬಾರ್ ಒತ್ತಡದಲ್ಲಿ ನೂಕುತ್ತದೆ, ಆದ್ದರಿಂದ ವೇಪರ್ ಲಾಕ್ ಅಪರೂಪ. ಹಾಗೆಂದೇ ಪಾಯಿಂಟ್, ಕಂಡೆನ್ಸರ್, ಡಯಾಫ್ರಾಮ್ ಬಲ್ಲ ಮೇಸ್ತ್ರಿಗಳೂ ಕಡಿಮೆಯಾಗುತ್ತಿದ್ದಾರೆ. ನಿಮ್ಮೂರಿನಲ್ಲಿ ಅಂಥವರೊಬ್ಬರು ಇನ್ನೂ ಅಂಗಡಿ ತೆರೆಯುತ್ತಿದ್ದರೆ ಒಂದು ಭಾನುವಾರ ಪಕ್ಕದಲ್ಲಿ ಕೂತು, ಅವರು ಮಾಡುವ ಪ್ರತಿ ಕೆಲಸಕ್ಕೂ ‘ಯಾಕೆ ಮೇಸ್ತ್ರಿ?’ ಎಂದು ಕೇಳಿ. ಮನೆಗೆ ಬಂದು ಪಿಯುಸಿ ಭೌತವಿಜ್ಞಾನದ ಪುಸ್ತಕದಲ್ಲಿ ದ್ರವಗಳ ಪಾಠವನ್ನು ಇನ್ನೊಮ್ಮೆ ಓದಿ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕಗಳ ರಾಶಿಯಲ್ಲಿ ನಿಮ್ಮ ಕಾರಿನ ವರ್ಕ್‌ಶಾಪ್ ಮ್ಯಾನ್ಯುಯಲ್ ಕಣ್ಣಿಗೆ ಬಿದ್ದರೆ ಚೌಕಾಸಿ ಮಾಡದೆ ಕೊಂಡುಕೊಳ್ಳಿ.